ಗೋವಾ 70.3: ರೇಸ್ ಮಾಡುವವರು ಒಬ್ಬರೇ, ಹೋಗುವವರು ಐದು ಜನ. ಎಲ್ಲಿ ಉಳಿಯೋಣ?

ಸಪ್ತಾಪುರದ ಅಮ್ಮ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಈ ಸಲ ಗೋವಾದ ಐರನ್‌ಮ್ಯಾನ್ 70.3ಗೆ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ರೇಸ್‌ಗೆ, ಹೆಸರು ಕೊಟ್ಟಿದ್ದಾರೆ. ಬೆಳಗಿನ ಜಾವ ಎದ್ದು ಸೈಕಲ್ ಹೊಡೆಯುವುದು, ಸಂಜೆ ಕೆಲಗೇರಿ ಕೆರೆ ಸುತ್ತ ಓಡುವುದು, ರಾತ್ರಿ ಒಂಬತ್ತಕ್ಕೆ ಮಲಗುವುದು. ಮನೆಯ ಗಡಿಯಾರವೇ ಅವರ ತಾಲೀಮಿಗೆ ಹೊಂದಿಕೊಂಡುಬಿಟ್ಟಿದೆ. ನನಗೆ ಅದರ ಬಗ್ಗೆ ಬೇಸರವಿಲ್ಲ, ಹೆಮ್ಮೆಯೇ ಇದೆ.

ಮಕ್ಕಳಿಗೂ ತಿರುಗಾಟ ಆಗಲಿ ಎಂದು ಎಲ್ಲರೂ ಕಾರಿನಲ್ಲಿ ಹೋಗುತ್ತಿದ್ದೇವೆ. ಅವರು, ನಾನು, 9 ವರ್ಷದ ಮಗಳು, 4 ವರ್ಷದ ಮಗ, ನಮ್ಮ ಅತ್ತೆ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಗುರುವಾರ ಹೋಗಿ ಮುಂದಿನ ಬುಧವಾರ ವಾಪಸ್ ಬರುವ ಯೋಚನೆ.

ನೋಡಿಟ್ಟಿರುವುದು ಎರಡು ಜಾಗ. ಒಂದು, ರೇಸ್ ನಡೆಯುವ ಪಣಜಿಯ ಮಿರಾಮಾರ್ ಹತ್ತಿರದ ಹೋಟೆಲ್. ಒಂದೇ ದೊಡ್ಡ ರೂಮು, ಎರಡು ಹೆಚ್ಚುವರಿ ಹಾಸಿಗೆ ಹಾಕಿಕೊಡುತ್ತಾರೆ. ಇನ್ನೊಂದು, ದಕ್ಷಿಣ ಗೋವಾದ ಕೋಲ್ವಾ ಕಡೆಯ ರೆಸಾರ್ಟ್. ಈಜುಕೊಳ ಇದೆ, ಮಕ್ಕಳಿಗೆ ಆಡಲು ಜಾಗ ಇದೆ, ಸಮುದ್ರ ಎದುರಿಗೇ. ಯಜಮಾನರು ಮಿರಾಮಾರ್ ಬಿಟ್ಟು ಬೇರೆ ಕಡೆ ಬೇಡವೇ ಬೇಡ ಅನ್ನುತ್ತಾರೆ. ಮಕ್ಕಳು ಈಜುಕೊಳದ ಫೋಟೋ ನೋಡಿದಾಗಿನಿಂದ ಕೋಲ್ವಾ ಕೋಲ್ವಾ ಅಂತ ಕುಣಿಯುತ್ತಿದ್ದಾರೆ. ಅತ್ತೆಗೆ ಮಂಗೇಶಿ, ಶಾಂತಾದುರ್ಗಾ ದರ್ಶನ ಆದರೆ ಸಾಕು.

ನನ್ನ ಚಿಂತೆ ಭಾನುವಾರದ್ದು. ಅವರು ಕತ್ತಲಲ್ಲೇ ಎದ್ದು ಹೋಗುತ್ತಾರೆ. ಗೊತ್ತಿಲ್ಲದ ಊರಲ್ಲಿ ಇಬ್ಬರು ಮಕ್ಕಳು, ಅತ್ತೆ, ನಾನು. ಮಧ್ಯಾಹ್ನದವರೆಗೆ ಏನು ಮಾಡುವುದು? ನನಗೂ ಇದು ವರ್ಷಕ್ಕೊಮ್ಮೆ ಸಿಗುವ ರಜೆ ಅಲ್ವಾ. ಹೀಗೆ ಕುಟುಂಬದ ಜೊತೆ ಹೋದವರು ಇದ್ದರೆ ದಯವಿಟ್ಟು ಹೇಳಿ.

ಕುವೆಂಪುನಗರದವಳು (ಮೈಸೂರು)

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಕೆಲಸ ಬದಿಗಿಟ್ಟು ಕೂತಿದ್ದೇನೆ. ನಮ್ಮ ಮನೆಯಲ್ಲೂ ರೇಸ್ ಮಾಡುವವರು ನಮ್ಮವರೊಬ್ಬರೇ. ನಾನು, ಮಕ್ಕಳು, ಅಮ್ಮ ಜೊತೆಗೆ ಹೋಗುವವರು.

ರೇಸ್ ಮಾಡುವವರಿಗೆ ಹೇಳಲು ಅಂತರ್ಜಾಲದ ತುಂಬ ಸಲಹೆ ಸಿಗುತ್ತದೆ. ಉಳಿಯುವ ಜಾಗ ಟ್ರಾನ್ಸಿಷನ್‌ಗೆ (ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗ) ಎಷ್ಟು ಹತ್ತಿರ, ಸೈಕಲ್ ಎಲ್ಲಿ ಇಡುವುದು, ಏನು ತಿನ್ನುವುದು, ಎಲ್ಲವೂ. ಆದರೆ ಆ ಜಾಗದಲ್ಲಿ ಜಾಸ್ತಿ ಹೊತ್ತು ಇರುವವರು ನಾವು. ಅವರಿಗೆ ಅದು ಮಲಗುವ ಕೋಣೆ, ನಮಗೆ ಇಡೀ ದಿನದ ಮನೆ. ಅದಕ್ಕೇ ಮನೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅವರು ಇಲ್ಲದಾಗ, ಕಾರೂ ಹೊರಗೆ ತೆಗೆಯಲಾಗದಾಗ, ನಾವು ನಾಲ್ಕು ಜನ ಅಲ್ಲಿ ನೆಮ್ಮದಿಯಿಂದ ಇರಬಹುದಾ? ಹೌದು ಅಂದರೆ ಆ ಜಾಗ ಸರಿ.

ಹಾಗಾಗಿ ನಿಮ್ಮ ಎರಡು ಜಾಗಗಳನ್ನೂ ನಾನು ಬೇಡ ಅನ್ನುತ್ತೇನೆ. ಮಿರಾಮಾರ್, ಕರಂಜಾಳೆ, ತಾಳಗಾಂವ್ ಕಡೆ ಎರಡು ಬೆಡ್‌ರೂಮಿನ ಫ್ಲಾಟ್ ದಿನದ ಬಾಡಿಗೆಗೆ ಸಿಗುತ್ತದೆ. ಗುರುವಾರದಿಂದ ಸೋಮವಾರ ಬೆಳಿಗ್ಗೆವರೆಗೆ ಅದನ್ನು ಹಿಡಿಯಿರಿ. ಸೋಮವಾರ ಕೋಲ್ವಾಕ್ಕೆ ಹೋಗಿ ಎರಡು ರಾತ್ರಿ ಇರಿ. ಈಜುಕೊಳ ಆಮೇಲೆ. ಇದರಲ್ಲಿ ಒಂದು ಲಾಭ ಇದೆ. ರೇಸ್‌ಗೆ ಮುಂಚೆ ನಿಮ್ಮ ಯಜಮಾನರು ಕೊಳದಲ್ಲಿ ಮಕ್ಕಳ ಜೊತೆ ಆಡಲಾರರು, ಬಿಸಿಲಲ್ಲಿ ನಿಲ್ಲಲಾರರು, ಮನಸ್ಸೆಲ್ಲ ಬೇರೆ ಕಡೆ ಇರುತ್ತದೆ. ಮುಗಿದ ಮೇಲೆ ಅವರು ಪೂರ್ತಿ ನಿಮ್ಮವರು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿಯುತ್ತಾರೆ. ಮೊದಲು ರಜೆ, ಆಮೇಲೆ ರೇಸ್ ಅಂತ ಇಟ್ಟುಕೊಂಡರೆ ರಜೆಯ ಪ್ರತಿ ಸಂಜೆಯೂ ‘ಬೇಗ ಊಟ ಮಾಡೋಣ, ಬೇಗ ಮಲಗೋಣ’ ಅನ್ನುವುದರಲ್ಲೇ ಕಳೆಯುತ್ತದೆ.

ಒಂದೇ ದೊಡ್ಡ ರೂಮು ಯಾಕೆ ಬೇಡ ಅಂದರೆ, ಭಾನುವಾರ ಅವರು ಏಳುವುದು ಮೂರು ಗಂಟೆಗೆ. ದೀಪ ಹಾಕಲೇಬೇಕು. ತಿನ್ನಬೇಕು, ಶೌಚಕ್ಕೆ ಎರಡು ಮೂರು ಸಲ ಹೋಗಬೇಕು, ಚೀಲಗಳನ್ನು ಮತ್ತೆ ಮತ್ತೆ ನೋಡಿಕೊಳ್ಳಬೇಕು. ನಾಲ್ಕು ವರ್ಷದ ಮಗು ಆಗ ಎದ್ದುಬಿಟ್ಟರೆ ನಿಮ್ಮ ದಿನ ಅಲ್ಲಿಂದಲೇ ಶುರು. ಶನಿವಾರ ರಾತ್ರಿ ಎಂಟಕ್ಕೆ ಅವರು ಮಲಗಬೇಕು ಅಂದಾಗಲೂ ಇದೇ ಕಷ್ಟ. ಒಂದು ರೂಮಿನಲ್ಲಿ ಐದು ಜನ ಇದ್ದರೆ ಉಳಿದವರೆಲ್ಲ ಕತ್ತಲಲ್ಲಿ ಪಿಸುಗುಟ್ಟಿಕೊಂಡು ಕೂರಬೇಕು. ಅವರಿಗೊಂದು ಬಾಗಿಲು ಹಾಕಿಕೊಳ್ಳುವ ಕೋಣೆ ಇರಲಿ. ಬಚ್ಚಲು ಎರಡು ಇದ್ದರೆ ಇನ್ನೂ ಒಳ್ಳೆಯದು.

ಅಡುಗೆಮನೆ ಬಹಳ ಮುಖ್ಯ. ಹೋಟೆಲಿನ ತಿಂಡಿ ಶುರುವಾಗುವುದೇ ಏಳು, ಏಳೂವರೆಗೆ. ಅಷ್ಟೊತ್ತಿಗೆ ಇವರು ಸಮುದ್ರದಲ್ಲಿರುತ್ತಾರೆ! ತಾಲೀಮಿನ ದಿನ ಏನು ತಿಂದು ಅಭ್ಯಾಸವೋ ಅದನ್ನೇ ಅವತ್ತೂ ತಿನ್ನಬೇಕು. ನಮ್ಮವರಿಗೆ ಉಪ್ಪು ಹಾಕಿದ ಗಂಜಿ, ಬಾಳೆಹಣ್ಣು. ಹಿಂದಿನ ದಿನ ಮಧ್ಯಾಹ್ನ ಅನ್ನ, ತಿಳಿಸಾರು, ಮೊಸರು. ಪುಟ್ಟ ಕುಕ್ಕರ್, ಸ್ವಲ್ಪ ಅಕ್ಕಿ, ಬೇಳೆ, ಸಾರಿನ ಪುಡಿ, ಚಟ್ನಿಪುಡಿ ಕಾರಿನಲ್ಲಿ ಹಾಕಿಕೊಂಡು ಹೋಗಿ. ಅತ್ತೆಗೂ ಮಕ್ಕಳಿಗೂ ಅದೇ ಆಗುತ್ತದೆ. ರಜೆಯಲ್ಲೂ ಅಡುಗೆ ನಿಮ್ಮ ತಲೆಗೆ ಬರಬಾರದು ಅನ್ನುವುದನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಶನಿವಾರ ಮಧ್ಯಾಹ್ನ ಒಂದು ಹೊತ್ತು ಮಾತ್ರ ಒಲೆ ಹಚ್ಚುವುದು, ಉಳಿದದ್ದೆಲ್ಲ ಹೊರಗೆ.

ಈಗ ಭಾನುವಾರದ ಬಗ್ಗೆ. ಇದನ್ನು ಮೊದಲೇ ಯಾರಾದರೂ ಹೇಳಿದರೆ ಎಷ್ಟೋ ಹಗುರವಾಗುತ್ತದೆ. ಸ್ವಿಮ್ 1.9 ಕಿ.ಮೀ., ಸೈಕಲ್ 90 ಕಿ.ಮೀ., ಓಟ 21.1 ಕಿ.ಮೀ. ಒಟ್ಟು ಸಿಗುವ ಸಮಯ ಎಂಟೂವರೆ ಗಂಟೆ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಇದೇ ರೇಸನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಅಂದರೆ ಮೊದಲ ಸಲ ಮಾಡುವವರ ಮನೆಯವರು ಬೆಳಕು ಹರಿಯುವ ಹೊತ್ತಿನಿಂದ ಮಧ್ಯಾಹ್ನ ಮೂರರವರೆಗೆ ಕಾಯಲು ತಯಾರಿರಬೇಕು. ಅಷ್ಟು ಹೊತ್ತು ಯಾವ ಮಗುವೂ ದಡದಲ್ಲಿ ನಿಲ್ಲುವುದಿಲ್ಲ. ನಿಲ್ಲಿಸಲೂ ಬೇಡಿ.

ನಾವು ಮಾಡುವುದು ಹೀಗೆ. ಸ್ವಿಮ್ ಶುರುವಾಗುವುದನ್ನು ನೋಡಲು ಎಲ್ಲರೂ ಹೋಗುತ್ತೇವೆ. ಸೂರ್ಯ ಆಗಷ್ಟೇ ಮೇಲೆ ಬರುತ್ತಿರುತ್ತಾನೆ, ತಂಪು ಇರುತ್ತದೆ, ಮಕ್ಕಳಿಗೂ ಸಂಭ್ರಮ. ಅವರು ನೀರಿನಿಂದ ಹೊರಬಂದು ಸೈಕಲ್ ಹತ್ತಿದರೆ ಆಮೇಲೆ ಮೂರು, ಮೂರೂವರೆ ಗಂಟೆ ನಮಗೆ ರಜೆ. ನಡೆದುಕೊಂಡು ಮನೆಗೆ ವಾಪಸ್. ತಿಂಡಿ, ಸ್ನಾನ, ಒಂದು ನಿದ್ದೆ. ಓಟ ಶುರುವಾಗುವ ಹೊತ್ತಿಗೆ ಟೋಪಿ, ನೀರಿನ ಬಾಟಲಿ ಹಿಡಿದು ಮತ್ತೆ ರಸ್ತೆಗೆ. ಓಟ ಸುತ್ತು ಹೊಡೆಯುವ ದಾರಿಯಾದ್ದರಿಂದ ಒಂದೇ ನೆರಳಿನ ಜಾಗದಲ್ಲಿ ನಿಂತರೂ ಅವರು ಮತ್ತೆ ಮತ್ತೆ ಎದುರಿಗೆ ಬರುತ್ತಾರೆ. ಆಗಲೇ ನಾವು ಬೇಕಾಗುವುದು. ಬಿಸಿಲು ನೆತ್ತಿಗೆ ಬಂದಿರುತ್ತದೆ, ಬೆವರು ಒಣಗುವುದಿಲ್ಲ, ಕಾಲು ಸೋತಿರುತ್ತದೆ. ಮಕ್ಕಳು ‘ಅಪ್ಪಾ’ ಅಂತ ಕೂಗಿದರೆ ಅವರ ನಡಿಗೆ ಓಟವಾಗುವುದನ್ನು ನಾನೇ ನೋಡಿದ್ದೇನೆ.

ಈ ಮಧ್ಯದ ಮೂರು ಗಂಟೆ ಮನೆಗೆ ಹೋಗಿ ಬರಲು ಸಾಧ್ಯವಾಗುವುದು ಮನೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ. ರೇಸ್ ದಿನ ಆ ಕಡೆಯ ರಸ್ತೆಗಳನ್ನು ಮುಚ್ಚುತ್ತಾರೆ. ಕಾರು ಇದ್ದೂ ಇಲ್ಲದ ಹಾಗೆ. ಕೋಲ್ವಾದಿಂದ ಬಂದರೆ ವಾಪಸ್ ಹೋಗುವ ಮಾತೇ ಇಲ್ಲ. ಅತ್ತೆಯವರು ಎಂಟು ಗಂಟೆ ಎಲ್ಲಿ ಕೂರುತ್ತಾರೆ? ಮಗನಿಗೆ ನಿದ್ದೆ ಬಂದರೆ ಎಲ್ಲಿ ಮಲಗಿಸುತ್ತೀರಿ? ಹತ್ತಿರದ ಮನೆ ಬೇಕು ಅನ್ನುವುದು ನಿಮ್ಮ ಯಜಮಾನರಿಗಾಗಿ ಅಂತ ಅವರು ಅಂದುಕೊಂಡಿದ್ದಾರೆ. ನಿಜವಾಗಿ ಅದು ನಿಮಗಾಗಿ.

ಭಾನುವಾರ ರಾತ್ರಿಯೂ ಅಲ್ಲೇ ಇರುವ ಹಾಗೆ ಬುಕ್ ಮಾಡಿ. ಹನ್ನೊಂದಕ್ಕೆ ಖಾಲಿ ಮಾಡಿ ಅನ್ನುವ ಕಡೆ ಶನಿವಾರ ರಾತ್ರಿಗೆ ಮುಗಿಸಿದರೆ, ಅವರು ಸೈಕಲ್ ಮೇಲಿರುವಾಗ ನೀವು ಒಬ್ಬರೇ ಐದು ಜನರ ಸಾಮಾನು ಕಟ್ಟಿ ಹೊರಗಿಡಬೇಕಾಗುತ್ತದೆ. ಲಿಫ್ಟ್ ಇದೆಯಾ ಅಂತ ಫೋನ್ ಮಾಡಿಯೇ ಕೇಳಿ. ಅತ್ತೆಯವರಿಗಷ್ಟೇ ಅಲ್ಲ, ಭಾನುವಾರ ಸಂಜೆ ನಿಮ್ಮ ಯಜಮಾನರೂ ಮೆಟ್ಟಿಲು ನೋಡಿ ನಿಟ್ಟುಸಿರು ಬಿಡುತ್ತಾರೆ.

ಜಯನಗರ ಸವಾರ (ಬೆಂಗಳೂರು)

ಮೈಸೂರಿನ ಮೇಡಂ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ನಾನು ರೇಸ್ ಮಾಡುವವನು, ಆ ಕಡೆಯಿಂದ ಒಂದೆರಡು ಮಾತು.

ನಮ್ಮ ಮನೆಯ ಪದ್ಧತಿ ಬೇರೆ. ಹೆಂಡತಿ ಮಕ್ಕಳು ದಕ್ಷಿಣ ಗೋವಾದ ರೆಸಾರ್ಟಿನಲ್ಲೇ ಪೂರ್ತಿ ಇರುತ್ತಾರೆ. ನಾನು ಶುಕ್ರವಾರ, ಶನಿವಾರ ಎರಡು ರಾತ್ರಿ ಮಾತ್ರ ಪಣಜಿಯಲ್ಲಿ ಸಣ್ಣ ರೂಮು ಹಿಡಿಯುತ್ತೇನೆ. ಅವರು ಭಾನುವಾರ ಆರಾಮಾಗಿ ತಿಂಡಿ ಮುಗಿಸಿ ಓಟದ ಹೊತ್ತಿಗೆ ಬರುತ್ತಾರೆ. ಹೊಸ ಜುವಾರಿ ಸೇತುವೆ ಆದ ಮೇಲೆ ಕೊರ್ಟಾಲಿಂನಲ್ಲಿ ಮೊದಲಿನಷ್ಟು ಜಾಮ್ ಇಲ್ಲ. ಮುಚ್ಚಿದ ರಸ್ತೆಗೆ ಮುಂಚೆಯೇ ಕಾರು ನಿಲ್ಲಿಸಿ ನಡೆದು ಬರುತ್ತಾರೆ. ನನ್ನ ಮಕ್ಕಳು ಹದಿಹರೆಯದವರು, ಅವರಿಗೆ ಸ್ವಿಮ್ ನೋಡಲು ಐದಕ್ಕೆ ಏಳುವುದು ಬೇಕಿಲ್ಲ. ನಿಮ್ಮ ಮಗ ಸಣ್ಣವನು, ಮೇಲಾಗಿ ಅತ್ತೆಯವರು ಇದ್ದಾರೆ. ಕಾರು ಓಡಿಸಲು ನೀವು ತಯಾರಿದ್ದರೆ ಇದನ್ನೂ ಯೋಚಿಸಿ.

ಬುಕ್ ಮಾಡುವ ಮುಂಚೆ ರದ್ದು ಮಾಡಿದರೆ ಹಣ ವಾಪಸ್ ಬರುತ್ತದಾ ನೋಡಿ. ಈ ರೇಸ್ 2019ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಕೋವಿಡ್‌ನಿಂದ 2020, 2021 ಎರಡು ವರ್ಷ ನಡೆಯಲಿಲ್ಲ. ಆಮೇಲೆ 2022ರಲ್ಲಿ ನವೆಂಬರ್, 2023 ಮತ್ತು 2024ರಲ್ಲಿ ಅಕ್ಟೋಬರ್, 2025ರಲ್ಲಿ ಮತ್ತೆ ನವೆಂಬರ್. ಒಂದೇ ವಾರ ಅಂತ ಇಲ್ಲ. ಜೊತೆಗೆ ತಾಲೀಮಿನಲ್ಲಿ ಮೊಣಕಾಲೋ ಭುಜವೋ ಕೈಕೊಡುವುದೂ ಇದೆ. ಸ್ವಲ್ಪ ಜಾಸ್ತಿ ದುಡ್ಡಾದರೂ ರದ್ದು ಮಾಡಲು ಬರುವ ಬುಕಿಂಗ್ ತೆಗೆದುಕೊಳ್ಳಿ.

ಸೈಕಲ್ಲನ್ನು ಮನೆಯೊಳಗೆ ಇಡಲು ಬಿಡುತ್ತಾರಾ ಅಂತ ಬರಹದಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಿ. ಕೆಳಗಿನ ಪಾರ್ಕಿಂಗಿನಲ್ಲಿ ಇಡಿ ಅಂದರೆ ನಿಮ್ಮ ಯಜಮಾನರು ರಾತ್ರಿ ನಿದ್ದೆ ಮಾಡುವುದಿಲ್ಲ. ಶನಿವಾರ ಸೈಕಲ್ ಒಪ್ಪಿಸುವ ಚೆಕ್-ಇನ್ ಇರುತ್ತದೆ, ಅಲ್ಲಿಯವರೆಗೆ ಅದು ನಿಮ್ಮ ಹೊಣೆ. ಭಾನುವಾರ ರೇಸ್ ಮುಗಿದ ಮೇಲೆ ಅದನ್ನು ವಾಪಸ್ ತರಲೂ ಹೊತ್ತು ಬೇಕು, ಫಿನಿಶ್ ಆದ ತಕ್ಷಣ ಹೊರಡೋಣ ಅಂತ ಇಟ್ಟುಕೊಳ್ಳಬೇಡಿ.

ಇನ್ನೊಂದು ಮುಖ್ಯ ವಿಷಯ, ಮಕ್ಕಳಿಗೆ ಮೊದಲೇ ಹೇಳಿಡಿ. ದಾರಿಯಲ್ಲಿ ಅಪ್ಪನಿಗೆ ನೀರು, ಬಾಳೆಹಣ್ಣು, ಟೋಪಿ ಏನನ್ನೂ ಕೈಗೆ ಕೊಡಬಾರದು. ಹೊರಗಿನವರ ನೆರವು ಪಡೆಯುವುದು ನಿಯಮಕ್ಕೆ ವಿರುದ್ಧ. ಕೊನೆಯ ಗೆರೆಯ ಹತ್ತಿರ ಮಗುವನ್ನು ಎತ್ತಿಕೊಂಡು ಓಡಿದರೂ ಅನರ್ಹರಾಗುವ ಅಪಾಯ ಇದೆ. ಅಷ್ಟು ಕಷ್ಟಪಟ್ಟು ಬಂದವರಿಗೆ ಪ್ರೀತಿಯಿಂದಲೇ ತೊಂದರೆ ಆಗಬಾರದು. ಬೇಲಿಯ ಹೊರಗೆ ನಿಂತು ಕೂಗಲಿ, ಕೈ ಚಾಚಿ ತಟ್ಟಲಿ, ಸಾಕು. ಐರನ್‌ಮ್ಯಾನ್ ಟ್ರ್ಯಾಕರ್ ಆ್ಯಪ್ ಹಾಕಿಕೊಂಡು ಬಿಬ್ ನಂಬರ್ (ರೇಸಿನಲ್ಲಿ ಅವರಿಗೆ ಕೊಡುವ ಸಂಖ್ಯೆ) ಸೇರಿಸಿದರೆ ಅವರು ಎಲ್ಲಿದ್ದಾರೆ ಅಂತ ಮನೆಯಲ್ಲೇ ಕೂತು ಗೊತ್ತಾಗುತ್ತದೆ. ಸ್ವಿಮ್‌ಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಸಲು ಶುರುವಿನಿಂದ ಐದೂವರೆ ಗಂಟೆ ಗಡುವು. ಅದನ್ನು ಲೆಕ್ಕ ಹಾಕಿಕೊಂಡು ಮನೆಯಿಂದ ಹೊರಡಿ.

ಪಣಜಿಯಲ್ಲಿರುವ ಕನ್ನಡಿಗ

ನಾನು ಕಾರವಾರ ಕಡೆಯವನು, ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ್ದೇನೆ. ಧಾರವಾಡದ ಅಕ್ಕನವರಿಗೆ ಊರಿನ ವಿಷಯ ಹೇಳುತ್ತೇನೆ.

ನೀವು ಅಳ್ನಾವರ, ರಾಮನಗರ, ಅನಮೋಡ ಘಾಟ್ ಮೇಲೆ ಬರುತ್ತೀರಿ ಅಂದುಕೊಂಡಿದ್ದೇನೆ. ಹಾಗಾದರೆ ಫೋಂಡಾ ದಾಟಿಯೇ ಪಣಜಿಗೆ ಬರಬೇಕು. ಶಾಂತಾದುರ್ಗೆಯ ಕವಳೆ ಫೋಂಡಾದ ಪಕ್ಕದಲ್ಲೇ. ಮಂಗೇಶಿ ಫೋಂಡಾದಿಂದ ಪಣಜಿಗೆ ಬರುವ ದಾರಿಯಲ್ಲಿ. ಗುರುವಾರ ಬರುವಾಗಲೇ ಎರಡೂ ದರ್ಶನ ಮುಗಿಸಿಬಿಡಿ. ಅದಕ್ಕೆಂದು ಇನ್ನೊಂದು ದಿನ ತೆಗೆದಿಡುವುದು ಬೇಡ, ರೇಸ್‌ಗೆ ಮುಂಚೆ ನಿಮ್ಮ ಯಜಮಾನರ ಹೆಸರಲ್ಲಿ ಪೂಜೆ ಆದರೆ ಅತ್ತೆಯವರಿಗೂ ಸಮಾಧಾನ. ಮಳೆ ಜೋರಾದಾಗ ಘಾಟ್ ರಸ್ತೆಗೆ ತೊಂದರೆ ಆಗಿದ್ದಿದೆ, ಹೊರಡುವ ಮುನ್ನ ವಿಚಾರಿಸಿ.

ಮಿರಾಮಾರ್ ದಡ ಚೆನ್ನಾಗಿದೆ, ಸಂಜೆ ಮಕ್ಕಳು ಮರಳಲ್ಲಿ ಎಷ್ಟು ಹೊತ್ತು ಬೇಕಾದರೂ ಆಡಲಿ. ಆದರೆ ನೀರಿಗಿಳಿಸಬೇಡಿ. ಮಾಂಡೋವಿ ನದಿ ಸಮುದ್ರ ಸೇರುವ ಜಾಗ ಅದು, ಒಳಗೆ ಸೆಳೆತ ಇರುತ್ತದೆ. ರೇಸ್ ದಿನ ಅಷ್ಟು ಜನ ಈಜುತ್ತಾರಲ್ಲ ಅಂತ ಧೈರ್ಯ ಮಾಡಬೇಡಿ. ಅವತ್ತು ನೀರಿನಲ್ಲಿ ಕಾಯುವವರೇ ಬೇರೆ ಇರುತ್ತಾರೆ. ನೀರಾಟ ಬೇಕಾದರೆ ಸೋಮವಾರದ ನಂತರ, ಜೀವರಕ್ಷಕರು ಇರುವ ಹೊತ್ತಿನಲ್ಲಿ, ಕೆಂಪು ಬಾವುಟ ಇಲ್ಲದ ಕಡೆ.

ಮಿರಾಮಾರಿನಲ್ಲೇ ಗೋವಾ ಸೈನ್ಸ್ ಸೆಂಟರ್ ಇದೆ, ನಿಮ್ಮ ಮಗಳಿಗೆ ಖುಷಿಯಾಗುತ್ತದೆ. ಕಾಂಪಾಲ್‌ನಲ್ಲಿ ಮಕ್ಕಳ ಪಾರ್ಕ್ ಇದೆ, ಅತ್ತೆಯವರು ಮರದ ಕೆಳಗೆ ಕೂರಬಹುದು. ಶುಕ್ರವಾರ ಯಜಮಾನರು ಅವರ ಕೆಲಸಕ್ಕೆ ಹೋದಾಗ ನೀವು ಹಳೇ ಗೋವಾಕ್ಕೆ ಹೋಗಿ ಬನ್ನಿ, ಪಣಜಿಯಿಂದ ಸುಮಾರು 10 ಕಿ.ಮೀ. ಬೆಟಿಂಗೆ ಹೋಗುವ ಫೆರ್ರಿಯಲ್ಲಿ ಸುಮ್ನೆ ಆಚೆ ದಡಕ್ಕೆ ಹೋಗಿ ವಾಪಸ್ ಬಂದರೂ ಮಗನಿಗೆ ಹಬ್ಬ. ಇಲ್ಲಿ ಓಲಾ, ಊಬರ್ ಇಲ್ಲ. ಗೋವಾಮೈಲ್ಸ್ ಆ್ಯಪ್ ಹಾಕಿಕೊಳ್ಳಿ. ಸಸ್ಯಾಹಾರದ ಚಿಂತೆ ಬೇಡ, ಪಣಜಿಯಲ್ಲಿ ಉಡುಪಿ ಶೈಲಿಯ ಹೋಟೆಲುಗಳಿವೆ. ಬೆಳಿಗ್ಗೆ ಪಾವ್ ಭಾಜಿ ಅಂತ ಇಲ್ಲಿ ಕೊಡುವುದು ಮುಂಬೈಯದಲ್ಲ. ಪಾವ್ ಜೊತೆಗೆ ಬಟಾಣಿಯದೋ ಆಲೂಗಡ್ಡೆಯದೋ ಪಲ್ಯ. ತಿಂದು ನೋಡಿ.

ಫ್ಲಾಟ್ ಆರಿಸುವಾಗ ಒಂದು ಎಚ್ಚರಿಕೆ. ಪಣಜಿ ಪೇಟೆಯ ನದಿ ದಂಡೆಯ ಕಡೆ ಬೇಡ. ಕ್ಯಾಸಿನೊ ಹಡಗುಗಳಿಗೆ ಹೋಗುವವರ ಗದ್ದಲ ವಾರಾಂತ್ಯದಲ್ಲಿ ರಾತ್ರಿಯಿಡೀ ಇರುತ್ತದೆ. ದೀಪಾವಳಿ ಹತ್ತಿರ ಬಂದರೆ ಇನ್ನೊಂದಿದೆ. ನರಕ ಚತುರ್ದಶಿಯ ಹಿಂದಿನ ರಾತ್ರಿ ಇಲ್ಲಿ ಬೀದಿ ಬೀದಿಯಲ್ಲಿ ದೊಡ್ಡ ದೊಡ್ಡ ನರಕಾಸುರ ನಿಲ್ಲಿಸಿ, ಬೆಳಗಿನ ಜಾವ ಸುಡುವವರೆಗೆ ಹಾಡು ಹಾಕುತ್ತಾರೆ. ಅದಕ್ಕೆ ಮುಂಚಿನ ದಿನಗಳಲ್ಲೂ ತಯಾರಿಯ ಸದ್ದು ಇರುತ್ತದೆ. ಮಕ್ಕಳು ನೋಡಲೇಬೇಕಾದ್ದು, ಮಲಗಬೇಕಾದವರಿಗೆ ಮಾತ್ರ ಕಷ್ಟ. ಕರಂಜಾಳೆಯ ಒಳಗಿನ ಬೀದಿಗಳು ಶಾಂತವಾಗಿರುತ್ತವೆ, ಮಿರಾಮಾರ್‌ಗೆ ನಡೆದು ಬರಬಹುದು. ನವೆಂಬರ್ 20ರ ನಂತರ ಉಳಿಯುವುದಾದರೆ ಚಿತ್ರೋತ್ಸವದ ಜನ ಬಂದಿರುತ್ತಾರೆ, ಪಣಜಿಯಲ್ಲಿ ರೂಮು ಸಿಗುವುದು ಕಷ್ಟ.

ಸಪ್ತಾಪುರದ ಅಮ್ಮ (ಧಾರವಾಡ)

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಓದಿಸಿದೆ. ಎರಡು ಕಡೆ ಉಳಿಯುವುದಕ್ಕೆ ಒಪ್ಪಿದ್ದಾರೆ. ಕರಂಜಾಳೆಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ಸಿಕ್ಕಿದೆ, ನೆಲಮಹಡಿ, ಸೈಕಲ್ ಒಳಗಿಡಲು ಒಪ್ಪಿಗೆ ಇದೆ. ಸೋಮವಾರದಿಂದ ಕೋಲ್ವಾ. ಮಂಗೇಶಿ ದಾರಿಯಲ್ಲೇ ಸಿಗುತ್ತದೆ ಅಂತ ಗೊತ್ತಾಗಿ ಅತ್ತೆಗೆ ಬಹಳ ಸಂತೋಷ.

ಬೆಂಗಳೂರಿನ ಸರ್ ಹೇಳಿದ ಪದ್ಧತಿಯೂ ಚೆನ್ನಾಗಿದೆ. ಆದರೆ ಮುಚ್ಚಿದ ರಸ್ತೆ ದಾಟಿ ಅತ್ತೆಯನ್ನು ನಡೆಸಿಕೊಂಡು ಬರುವುದು ನನ್ನಿಂದಾಗದು. ಒಂದೇ ಒಂದು ಪ್ರಶ್ನೆ ಉಳಿದಿದೆ ಮೈಸೂರಿನ ಅಕ್ಕಾ. ಅತ್ತೆ ಸ್ವಿಮ್ ನೋಡಲು ಬರುತ್ತೇನೆ ಅನ್ನುತ್ತಾರೆ. ಕತ್ತಲಲ್ಲಿ ಅಷ್ಟು ಜನರ ಮಧ್ಯೆ ಅವರನ್ನು ಹೇಗೆ ಕರೆದುಕೊಂಡು ಹೋಗಲಿ?

ಕುವೆಂಪುನಗರದವಳು (ಮೈಸೂರು)

ಖಂಡಿತ ಕರೆದುಕೊಂಡು ಹೋಗಿ. ಮಗ ಸಮುದ್ರಕ್ಕೆ ಇಳಿಯುವಾಗ ತಾಯಿ ಮನೆಯಲ್ಲಿ ಕೂತಿದ್ದರೆ ಜೀವ ಒದ್ದಾಡುತ್ತದೆ. ಯಜಮಾನರ ಜೊತೆ ನಾಲ್ಕೂವರೆಗೆ ಹೊರಡುವುದು ಬೇಡ. ಟ್ರಾನ್ಸಿಷನ್ ಒಳಗೆ ನಿಮ್ಮನ್ನು ಬಿಡುವುದಿಲ್ಲ, ಸುಮ್ನೆ ಹೊರಗೆ ಕಾಯಬೇಕು. ಶುರುವಾಗುವ ಹೊತ್ತು ಕೇಳಿಟ್ಟುಕೊಂಡು, ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ನೀವು ನಾಲ್ಕು ಜನ ಬೇರೆಯಾಗಿ ಹೊರಡಿ. ಮಡಚುವ ಕುರ್ಚಿ ಒಂದನ್ನು ಕಾರಿನಲ್ಲಿ ಹಾಕಿಕೊಂಡು ಬನ್ನಿ, ಅದು ಇಡೀ ದಿನ ಉಪಯೋಗಕ್ಕೆ ಬರುತ್ತದೆ. ನೀರಿನ ಅಂಚಿಗೆ ಹೋಗಬೇಡಿ, ಮರಳಲ್ಲಿ ಮೊಣಕಾಲು ನೋವಿನವರಿಗೆ ನಡೆಯುವುದು ಕಷ್ಟ. ಗಟ್ಟಿ ನೆಲ ಮುಗಿಯುವ ಕಡೆಯೇ ಕುರ್ಚಿ ಹಾಕಿ.

ಎಲ್ಲರೂ ಒಂದೇ ಥರದ ಟೋಪಿಯಲ್ಲಿ ಇರುತ್ತಾರೆ, ದೂರದಿಂದ ಯಾರು ಯಾರೆಂದು ತಿಳಿಯುವುದಿಲ್ಲ. ಒಬ್ಬೊಬ್ಬರಾಗಿ ಸಾಲಿನಲ್ಲಿ ಬಿಡುವುದರಿಂದ ಹೊತ್ತೂ ಬೇರೆ ಬೇರೆ. ಸಾಲಿನಲ್ಲಿ ಮುಂದೆ ನಿಲ್ಲುತ್ತಾರೋ ಹಿಂದೆಯೋ ಅಂತ ಶನಿವಾರವೇ ಯಜಮಾನರನ್ನು ಕೇಳಿಟ್ಟುಕೊಳ್ಳಿ. ಅತ್ತೆಯವರಿಗೆ ನೀರಿಗಿಳಿಯುವುದಕ್ಕಿಂತ ಹೊರಗೆ ಬರುವುದನ್ನು ತೋರಿಸುವುದು ಮುಖ್ಯ. ಆ್ಯಪ್‌ನಲ್ಲಿ ಸ್ವಿಮ್ ಮುಗಿದದ್ದು ಬಂದ ಕೂಡಲೇ ಮೊದಲು ಅವರಿಗೆ ಹೇಳಿ, ಆಮೇಲೆ ಮಕ್ಕಳಿಗೆ.